ಹುಳಿಗೆ ಉಪ್ಪು ನೋಡಿದ ಕಥೆ

ಆಗ ನನಗೆ ಅರವತ್ತೆಂಟು. ಆರು ವರ್ಷದ ಹಿಂದಿನ ಮಾತು. ಮೂರನೇ ಕ್ಲಾಸಿಗೆ ಶಾಲೆ ಬಿಟ್ಟ ನಾನು ಆ ವಯಸ್ಸಿನಲ್ಲಿ ಪ್ರೇಮಕಥೆ ಬರೆಯುವ ಚಟ ಹತ್ತಿಸಿಕೊಂಡಿದ್ದೆ.

ಬರೆಯುವುದು ಅಂದರೆ ಕೈಯಲ್ಲಲ್ಲ. ಮೊಮ್ಮಗಳ ಫೋನಿಗೆ ಬಾಯಲ್ಲಿ ಹೇಳಿದರೆ ಅದೇ ಕನ್ನಡದಲ್ಲಿ ಮೂಡಿಸುತ್ತಿತ್ತು. ಅವಳು ಚೆನ್ನೈಯಲ್ಲೇ ಹುಟ್ಟಿ ಓದಿದವಳು. ಕನ್ನಡ ಅರ್ಥವಾಗುತ್ತದೆ, ಓದಲು ಬಾರದು. ಮೂಡಿದ್ದನ್ನು ನಾನು ಅಕ್ಷರಕ್ಕೆ ಅಕ್ಷರ ಕೂಡಿಸಿ ಓದಿ ತಪ್ಪು ತೋರಿಸಬೇಕು, ಅವಳು ಅಳಿಸಬೇಕು. ಒಂದು ಕಥೆಗೆ ವಾರ ಹಿಡಿಯುತ್ತಿತ್ತು. ಮುಗಿದ ಮೇಲೆ, ನಮ್ಮ ಕುಂದಾಪುರದ ಕಡೆಯಿಂದ ಬಂದ ಹೋಟೆಲಿನವರ ವಾಟ್ಸಾಪ್ ಗುಂಪಿಗೆ ಹಾಕುತ್ತಿದ್ದೆವು.

ಮೊದಲಿನವು ಒಂದೂ ಚೆನ್ನಾಗಿರಲಿಲ್ಲ. ಕಾರಿನಲ್ಲಿ ಬರುವ ಹುಡುಗ, ಕಾಲೇಜಿಗೆ ಹೋಗುವ ಹುಡುಗಿ. ಕಾಲೇಜಿನ ಒಳಗೆ ಏನಿರುತ್ತದೆ ಎಂದು ನನಗೇನು ಗೊತ್ತು? ನನ್ನ ಹುಡುಗಿ ಅಲ್ಲೂ ತೆಂಗಿನಕಾಯಿ ತುರಿಯುತ್ತಿದ್ದಳು.

"ಅಜ್ಜೀ, ಇದುಲ ಲವ್ವೇ ಇಲ್ಲೆ. ಪೂರಾ ಸಾಂಬಾರ್‌ದಾನ್," ಎಂದಳು ಮೊಮ್ಮಗಳು ತನ್ನ ತಮಿಳಿನಲ್ಲಿ. ಲವ್ವೇ ಇಲ್ಲ, ಬರೀ ಸಾಂಬಾರಂತೆ.

"ಲವ್ ಬೇಕಾದ್ರೆ ಬೀಚಿಗೆ ಹೋಗಿ ನೋಡ್ಕಂಡು ಬಾ."

ಆಮೇಲೆ ನಾನೇ ಹೋದೆ. ಮರೀನಾದಲ್ಲಿ ಒಂದು ಜೋಡಿಯ ಹಿಂದೆ ಕಡಲೆ ಸುಂಡಲ್ ತಿನ್ನುತ್ತ ಕೂತು ಕಿವಿ ಕೊಟ್ಟೆ. ಅಂಬತ್ತೂರಿಗೆ ಹೋಗುವ ಬಸ್ಸು ಸಿಗುತ್ತದೋ ಇಲ್ಲವೋ ಎಂಬುದೇ ಅವರ ಮಾತು. ಎದ್ದು ಬಂದೆ.

ಕಥೆ ಸಿಕ್ಕಿದ್ದು ಮನೆಯಲ್ಲೇ. ಒಂದು ಮಧ್ಯಾಹ್ನ ಸಾರಿನ ರುಚಿ ನೋಡಲು ಅಂಗೈಗೆ ಹನಿ ಹಾಕಿಕೊಂಡೆ. ಚಮಚ ಇದೆಯಲ್ಲ, ಯಾಕೆ ಹೀಗೆ ಎಂದು ಮೊಮ್ಮಗಳು ಕೇಳಿದಳು. ಚಿಕ್ಕವಳಿದ್ದಾಗ ಊಟದ ಮೆಸ್ಸಿನಲ್ಲಿ ಕೆಲಸ ಮಾಡಿದ ಅಭ್ಯಾಸ ಎಂದೆ. ಹೇಳುತ್ತ ಹೇಳುತ್ತ ತ್ರಿಪ್ಲಿಕೇನಿನ ಆ ಅಡುಗೆಮನೆ ಪೂರಾ ಕಣ್ಣ ಮುಂದೆ ಬಂತು.

ಈಗ ಆ ಜಾಗದಲ್ಲಿ ಲಾಡ್ಜ್ ಎದ್ದಿದೆ. ಆಗ ಅಲ್ಲಿ ಕಟ್ಟಿಗೆ ಒಲೆ, ಮಸಿ ಹಿಡಿದ ಗೋಡೆ, ಹಿಂದಿನ ಕಟ್ಟೆಯಲ್ಲಿ ರುಬ್ಬುವ ಕಲ್ಲು. ನಾನು ಅಮ್ಮನ ಜೊತೆ ರುಬ್ಬಲು ಹೋಗುತ್ತಿದ್ದೆ. ನನ್ನ ಗಂಡ ಅಲ್ಲಿ ಅಡುಗೆಯವರು. ಆಗಿನ್ನೂ ಗಂಡ ಆಗಿರಲಿಲ್ಲ. ಊಟದವರು ಎದ್ದುಹೋಗುವ ತನಕ ಅಡುಗೆಯವನು ಏನನ್ನೂ ಬಾಯಿಗೆ ಹಾಕುವ ಹಾಗಿರಲಿಲ್ಲ, ಅದು ಮಡಿ. ಆದ್ದರಿಂದ ದೇವರಿಗೆ ನೈವೇದ್ಯವಾದ ಮೇಲೆ ಸೌಟು ಹಿಡಿದು ಕಲ್ಲಿನ ಹತ್ತಿರ ಬರುತ್ತಿದ್ದರು. ನಾನು ಬಾಳೆಲೆಯ ಚೂರನ್ನು ಅಂಗೈಯಲ್ಲಿ ಹಿಡಿಯುತ್ತಿದ್ದೆ. ಅದಕ್ಕೆ ಹುಳಿ ಬಡಿಸಿ, "ಉಪ್ಪು?" ಎನ್ನುತ್ತಿದ್ದರು. "ಸಾಕು," ಎನ್ನುತ್ತಿದ್ದೆ. ಮದುವೆಗೆ ಮುಂಚೆ ನಾವು ಆಡಿದ ಮಾತು ಅಷ್ಟೇ.

ಆ ಕಥೆಯನ್ನು ಒಂದೇ ದಿನದಲ್ಲಿ ಹೇಳಿ ಮುಗಿಸಿದೆ. ಸ್ವಲ್ಪ ಬಣ್ಣವನ್ನೂ ಹಚ್ಚಿದೆ. ಹುಡುಗನಿಗೆ ಉಪ್ಪಿನ ಅಂದಾಜೇ ಇಲ್ಲ, ಅವಳ ನಾಲಿಗೆ ಇಲ್ಲದಿದ್ದರೆ ಅವನ ಅಡುಗೆಯೇ ಇಲ್ಲ, ಹೀಗೆಲ್ಲ. ಸಂಜೆ ಮೊಮ್ಮಗಳಿಗೆ ಗಟ್ಟಿಯಾಗಿ ಓದಿದೆ. ಕಿಟಕಿಯ ಹತ್ತಿರದ ಕುರ್ಚಿಯಲ್ಲಿ ನನ್ನ ಗಂಡ ಕೂತಿದ್ದರು. ಓದಿ ಮುಗಿದಾಗ ಅವರ ಕಾಫಿ ಹಾಗೇ ಆರಿತ್ತು.

"ಅದನ್ನ ಹಾಕ್ಬೇಡ," ಎಂದರು.

"ಎಂತಕ್ಕೆ?"

"ಉಪ್ಪು ಗೊತ್ತಿಲ್ದವ ಅಡುಗೆ ಭಟ್ಟನಾ? ಗುಂಪಲ್ಲಿ ಇರೋರೆಲ್ಲ ನನ್ನ ಕೈ ಊಟ ಉಂಡೋರು. ಜನ್ಮ ಪೂರ್ತಿ ಹೆಂಡ್ತಿ ನಾಲಿಗೆಯಲ್ಲಿ ಅಡುಗೆ ಮಾಡ್ದ ಅಂತಾರೆ. ನಂಗೆ ಉಳಿದದ್ದು ಅದೊಂದು ಹೆಸ್ರು ಮಾರಾಯ್ತಿ."

"ನೀವು ನನ್ನ ಕೇಳಿದ್ದು ಸುಳ್ಳಾ?"

"ಕೇಳಿದ್ದು ಹೌದು. ಆದ್ರೆ ಉಪ್ಪು ನಂಗೆ ಹಬೆಯಲ್ಲೇ ಗೊತ್ತಾಗ್ತಿತ್ತು."

"ಗೊತ್ತಿದ್ರೆ ಕೇಳಿದ್ದೆಂತಕ್ಕೆ?"

ಅವರ ಸಿಟ್ಟು ಇಳಿದಿರಲಿಲ್ಲ. "ಬೆಳಗಾಗೋ ಮುಂಚೆ ಬಂದು ಕಲ್ಲಿಗೆ ಕೂತವಳು ನೀನು. ಕಡೇ ಪಂಕ್ತಿ ಏಳೋ ತನಕ ಕೆಲಸದವರಿಗೆ ಅನ್ನ ಇಲ್ಲ ಅಂತ ಧಣಿ ಕಟ್ಟಳೆ. ಉಪ್ಪು ನೋಡ್ಲಿಕ್ಕೆ ಅಂದ್ರೆ ಮಾತ್ರ ಕೊಡ್ಲಿಕ್ಕೆ ಆಗ್ತಿತ್ತು. ನಿಂಗೆ ಹಸಿವಾಗ್ತಿತ್ತಲ್ಲ."

ಹೌದು, ಆ ಎಲೆಯ ಚೂರಿಗೆ ಬರೀ ಹುಳಿ ಬೀಳುತ್ತಿರಲಿಲ್ಲ, ದಿನಾ ದೊಡ್ಡದೊಂದು ಕುಂಬಳಕಾಯಿ ಹೋಳು ಇರುತ್ತಿತ್ತು. ಉಪ್ಪು ನೋಡಲು ಹೋಳು ಯಾಕೆ ಎಂದು ನಾನು ಒಂದು ದಿನವೂ ಯೋಚಿಸಿರಲಿಲ್ಲ. ತಿಂದು, ಸಾಕು ಎಂದು ಹೇಳಿ, ರುಬ್ಬುತ್ತಿದ್ದೆ.

"ತಾತಾ, ಅಪ್ಪೋ ಓನರ್‌ನ ಚೀಟ್ ಪಣ್ಣೀಂಗಳಾ?" ಹಾಗಾದರೆ ಧಣಿಗೇ ಮೋಸ ಮಾಡಿದ್ರಾ ಎಂದು ಮೊಮ್ಮಗಳು ಕೆಣಕಿದಳು.

"ಧಣಿಗೂ ಗೊತ್ತಿತ್ತು. ಅದಕ್ಕೇ ಮುಂದೆ ನಿಂತು ಮದುವೆ ಮಾಡ್ಸಿದ್ದು. ಮದುವೆ ಆದ್ರೆ ಹೋಳು ಉಳೀತದೆ ಅಂತ."

ಅವಳು ನಗುತ್ತ ಹಾಸಿಗೆಯ ಮೇಲೆ ಬಿದ್ದಳು. ಅವರು ನಗಲಿಲ್ಲ. "ಆದ್ರೂ ಹಾಕ್ಬೇಡ," ಎಂದು ಎದ್ದು ಹೋದರು. ಅದಾಗಿ ಮೂರು ವರ್ಷಕ್ಕೆ ಅವರು ತೀರಿಕೊಂಡರು. ಆ ಹೋಳಿನ ಮಾತನ್ನು ಅಲ್ಲಿಯ ತನಕ ಅವರು ಮತ್ತೆ ಎತ್ತಲಿಲ್ಲ, ನಾನೂ ಕೆದಕಲಿಲ್ಲ.

ಕಥೆ ಓದಿದ ಮರುದಿನ ಬೆಳಿಗ್ಗೆಯೇ ಮೊಮ್ಮಗಳನ್ನು ಎಬ್ಬಿಸಿ ಕೂರಿಸಿದೆ. ಹುಡುಗನಿಗೆ ಉಪ್ಪಿನ ಅಂದಾಜಿಲ್ಲ ಎಂಬ ಸಾಲುಗಳನ್ನೆಲ್ಲ ಬೆರಳಿಟ್ಟು ತೋರಿಸಿ ಅಳಿಸಿ ಹಾಕಿಸಿದೆ. ಆ ಜಾಗದಲ್ಲಿ, ಅವನಿಗೆ ಹಬೆಯಲ್ಲೇ ಉಪ್ಪು ತಿಳಿಯುತ್ತಿತ್ತು, ಅವಳಿಗೆ ಹಸಿವಾಗುತ್ತಿತ್ತು ಎಂದು ಫೋನಿಗೆ ಹೇಳಿದೆ. ಕಿಟಕಿಯ ಹತ್ತಿರ ಕುರ್ಚಿಯಲ್ಲಿ ಕೂತಿದ್ದ ಅವರ ಪಕ್ಕ ನಿಂತು ಒಂದು ಸಲ ಓದಿದೆ. ಈ ಸಲ ಅವರು ಬೇಡ ಅನ್ನಲಿಲ್ಲ. ಗುಂಪಿಗೆ ಹಾಕಿಸಿದೆ.