ಹರಳೆಲೆ ಬೀಳಬಾರದು

ಕಡೇಮನೆ ಅಜ್ಜಿಯ ಬಲಗೈ ಹೆಬ್ಬೆರಳು ಹಿಂದಕ್ಕೆ ಬಾಗಿ, ತುದಿ ಚಪ್ಪಟೆಯಾಗಿತ್ತು. ಜಾರಿದ ಕೀಲು ಎಲ್ಲಿದೆ ಎಂದು ಅವರು ಹುಡುಕುತ್ತಿದ್ದುದು ಆ ಬೆರಳಿನಿಂದಲೇ. ಇದನ್ನು ಬರೆಯಬೇಕೆಂದು ಎಷ್ಟೋ ಸಲ ಕುಳಿತಿದ್ದೇನೆ. ಪ್ರತಿ ಸಲವೂ ಆ ಹೆಬ್ಬೆರಳಿನ ತನಕ ಬಂದು, ಹಸುವಿಗೆ ಹುಲ್ಲು ಹಾಕಬೇಕು, ಪಂಪು ನಿಲ್ಲಿಸಬೇಕು ಎಂದು ನೆಪ ಮಾಡಿಕೊಂಡು ಎದ್ದುಹೋಗಿದ್ದೇನೆ. ಈಗ ಹಸು, ಪಂಪು ಎರಡನ್ನೂ ಮಗ ನೋಡಿಕೊಳ್ಳುತ್ತಾನೆ. ನನಗೆ ನೆಪಗಳು ಉಳಿದಿಲ್ಲ.

ಸೂಲಿಬೆಲೆ ಕಡೆಯ ನಮ್ಮ ಊರಿನಲ್ಲಿ ಬೀದಿಯ ತುದಿಗೆ ಅವರ ಮನೆ. ಎಲ್ಲರೂ ಕಡೇಮನೆ ಅಜ್ಜಿ ಎನ್ನುತ್ತಿದ್ದರು. ಗಂಡ ಗರಡಿ ಆಳು, ಮೂಳೆ ಕಟ್ಟುವುದರಲ್ಲಿ ಹೆಸರಾದವರು. ಅವರು ಕೀಲು ಕೂರಿಸುವಾಗ ಪೆಟ್ಟು ತಿಂದವನು ಅಲ್ಲಾಡದಂತೆ ಇನ್ನೊಂದು ಕಡೆ ಹಿಡಿದು ಕೂರುತ್ತಿದ್ದವರು ಅಜ್ಜಿ. "ಹಿಡ್ಕೊಂಡು ಹಿಡ್ಕೊಂಡೇ ಕಲ್ತೆ ಕಣಪ್ಪ" ಎನ್ನುತ್ತಿದ್ದರು. ಗಂಡ ಹೋದ ಮೇಲೆ ಸುತ್ತಲ ಹಳ್ಳಿಯವರು ಇವರ ಜಗಲಿಗೇ ಬರತೊಡಗಿದರು. ಅಜ್ಜಿ ಯಾರ ಕಾಸನ್ನೂ ಮುಟ್ಟುತ್ತಿರಲಿಲ್ಲ. ಮುಟ್ಟಿದರೆ ಕೈಗುಣ ಹೋಗುತ್ತದೆ ಎಂಬ ನಂಬಿಕೆ. ಮಕ್ಕಳಿಲ್ಲದ ಅವರಿಗೆ ಇದ್ದ ಆಸ್ತಿ ಎಂದರೆ ಒಂದು ಎಮ್ಮೆ, ಮತ್ತೆ ಆ ಕೈಗುಣ.

ಅರವತ್ತೈದರ ಯುದ್ಧ ಮುಗಿದ ಸುಮಾರಿನ ಮಾತು. ನಾನು ಹೈಸ್ಕೂಲು ಮುಗಿಸಿ ಬಂದು ಬೇಸಾಯಕ್ಕೆ ನಿಂತಿದ್ದೆ. ಎತ್ತಿಗೆ ಲಾಳ ಕಟ್ಟಿಸುವಾಗ ಅದು ಒದರಿಕೊಂಡು ಎದ್ದಿತು. ಹಗ್ಗ ನನ್ನ ಬಲಗೈಗೆ ಸುತ್ತಿಕೊಂಡಿತ್ತು. ಭುಜದ ಕೀಲು ಕಳಚಿ ತೋಳು ಜೋತುಬಿತ್ತು. ಅಜ್ಜಿ ಕೂರಿಸಿದರು. ಹದಿನೈದು ದಿನಕ್ಕೆ ಅಂಗಿ ಬಿಚ್ಚುವಾಗ ಮತ್ತೆ ಜಾರಿತು. ಆಮೇಲೆ ಹುಲ್ಲಿನ ಕಂತೆ ಎಸೆಯುವಾಗ ಇನ್ನೊಮ್ಮೆ. ಮೂರನೆಯ ಸಲ ಕೂರಿಸಿ ಅಜ್ಜಿ ಹೇಳಿದ್ದು ಇಷ್ಟು:

"ತೋಳು ಹಸು ಇದ್ದಂಗೆ, ಕೀಲು ಗೂಟ. ನಿಂದು ಹಗ್ಗ ಸಡ್ಲ ಆಗೈತೆ. ಗೂಟ ಎಷ್ಟು ಬಡಿದ್ರೂ ಹಸು ಹೋಗ್ತಾನೇ ಇರ್ತದೆ. ಕೂರ್ಸೋದು ನನ್ನ ಕೆಲ್ಸ, ಕೂತಿರೋ ಹಂಗೆ ಮಾಡೋದು ನಿನ್ನ ಕೆಲ್ಸ. ನಾಳೆ ಬೆಳಗ್ಗೆ ಬಂದು ಮೊಸ್ರು ಕಡಿ."

ನಾನು ತಮಾಷೆ ಎಂದುಕೊಂಡೆ. ಅಲ್ಲ. ಮರುದಿನ ಹೋದರೆ ಕಂಬಕ್ಕೆ ಕಡೆಗೋಲು ಕಟ್ಟಿ, ಹಿತ್ತಲಿನ ಹರಳು ಗಿಡದಿಂದ ಒಂದು ಅಗಲವಾದ ಎಲೆ ಕಿತ್ತಿಟ್ಟಿದ್ದರು. ಅದನ್ನು ಮಡಿಸಿ ನನ್ನ ಬಲ ಮೊಣಕೈಗೂ ಪಕ್ಕೆಗೂ ನಡುವೆ ಇಟ್ಟರು. ಹಗ್ಗ ಎಳೆಯುವಾಗ ಎಲೆ ಬೀಳಬಾರದು. ಬಿದ್ದರೆ ಮೊಣಕೈ ಮೈಬಿಟ್ಟು ಹೋಗಿದೆ ಎಂದು ಅರ್ಥ. ಅಷ್ಟೂ ಎಳೆತ ದಂಡ, ಮೊದಲಿನಿಂದ ಶುರು. ಕಡೆದಾದ ಮೇಲೆ ಮಣ್ಣಿನ ಗೋಡೆಗೆ ಎರಡೂ ಅಂಗೈ ಊರಿ, ಬೀಳುವ ಗೋಡೆಯನ್ನು ತಡೆಯುವವನ ಹಾಗೆ ತಳ್ಳಿಕೊಂಡು ನಿಲ್ಲಬೇಕು. ಅವರು ಹೇಳುವ ತನಕ ಕೈ ತಲೆಗಿಂತ ಮೇಲೆ ಹೋಗಕೂಡದು.

ಎದುರಿಗೆ ಕುಳಿತು ಎಲೆಯನ್ನೇ ನೋಡುತ್ತಿದ್ದರು. ಬಿದ್ದರೆ, "ಲೇ, ಎಮ್ಮೆ ನಗ್ತಾ ಐತೆ ನೋಡು" ಎನ್ನುವರು. ಬೀಳದೆ ಮುಗಿದ ದಿನ ನಿಂಬೆಹಣ್ಣಿನಷ್ಟು ಬೆಣ್ಣೆ ಎಡ ಅಂಗೈಗೆ ಹಾಕುವರು. ಅದನ್ನು ತಿನ್ನುವುದಕ್ಕೂ ಪಾಠವಿತ್ತು: ಎಲೆ ಹಾಗೇ ಇರಬೇಕು, ಬಲಗೈ ಬಾಯಿಗೆ ಬರಬೇಕು. ಅಷ್ಟು ರುಚಿಯ ಬೆಣ್ಣೆಯನ್ನು ನಾನು ಮತ್ತೆ ತಿಂದಿಲ್ಲ.

ಆದರೆ ಮೊಸರು ಕಡೆಯುವುದು ಹೆಂಗಸರ ಕೆಲಸ. ಹದಿನೆಂಟರ ಗಂಡಸು ಜಗಲಿಯ ಮೇಲೆ ಕುಳಿತು ಕಡೆದರೆ ಊರು ಸುಮ್ಮನಿದ್ದೀತೆ? ನನ್ನ ಓರಗೆಯವರು ಹೊಲಕ್ಕೆ ಹೋಗುತ್ತಾ ನಿಲ್ಲುತ್ತಿದ್ದರು.

"ಏನ್ಲಾ, ಬೆಣ್ಣೆ ಬಂತಾ?"

"ಸೀರೆ ಒಂದು ಉಟ್ಕೊಂಡ್ಬಿಡ್ಲಾ, ಲಕ್ಷಣವಾಗಿರ್ತೀಯ!"

ಅಜ್ಜಿ ತಲೆ ಎತ್ತದೆ ಹೇಳುತ್ತಿದ್ದರು: "ಪಟೇಲನ ಮಗ ತಾನೆ ನೀನು? ನಿಮ್ಮಪ್ಪನ ಮೊಣಕೈ ಕೂರ್ಸಿದಾಗ ಅವನು ಯಾರ್ಯಾರ್ನ ಕೂಗ್ಕೊಂಡು ಅತ್ತ ಅಂತ ಹೇಳ್ಲಾ?" ಬೀದಿ ಖಾಲಿಯಾಗುತ್ತಿತ್ತು. ಅಜ್ಜಿಗೆ ನಗು. ನನಗೆ ಮಾತ್ರ ನಗು ಬರುತ್ತಿರಲಿಲ್ಲ.

ಮೂರು ತಿಂಗಳು ತೋಳು ಜಾರಲಿಲ್ಲ. ಯುಗಾದಿ ಬಂತು. ಮಾರನೆಯ ದಿನ ಹೊಸತೊಡಕು. ಅಂದು ಅರಳೀಕಟ್ಟೆಯ ಮುಂದೆ ಹುಡುಗರು ಗುಂಡುಕಲ್ಲು ಎತ್ತುವುದು ನಮ್ಮೂರ ರೂಢಿ. ಅಜ್ಜಿ ಹಬ್ಬದ ದಿನವೇ ಕರೆದು ಎಚ್ಚರಿಸಿದ್ದರು: "ನೋಡಾಕೆ ಹೋಗು, ಮುಟ್ಟಬೇಡ. ಇನ್ನು ನಾಕು ತಿಂಗ್ಳು ತಡ್ಕೊ, ನಾನೇ ಎತ್ತು ಅಂತೀನಿ." ನಾನು ಹೂಂ ಎಂದಿದ್ದೆ.

ಕಟ್ಟೆಯ ಹತ್ತಿರ ಒಬ್ಬ, "ಬೆಣ್ಣೆ ಮುದ್ದೆ ಬಂತು, ದಾರಿ ಬಿಡ್ರಪ್ಪಾ" ಎಂದ. ಇಡೀ ಊರು ನಕ್ಕಿತು. ನಾನು ಅಂಗಿ ಕಳಚಿದೆ. ಕಲ್ಲು ಮೊಣಕಾಲಿಗೆ ಬಂತು, ತೊಡೆಗೆ ಬಂತು, ಎದೆಗೂ ಬಂತು. ಇನ್ನು ಹೆಗಲಿಗೆ ಎಂದು ತೋಳನ್ನು ಮೇಲಕ್ಕೆ ತಿರುಗಿಸಿದೆ. ಕಲ್ಲು ಒಂದು ಕಡೆ ಬಿತ್ತು, ನಾನೊಂದು ಕಡೆ.

ಯಾರೋ ಅಜ್ಜಿಯನ್ನು ಕರೆಯಲು ಓಡಿದರು. ಪಟೇಲರು ಮೇಲೆ ಬಾಗಿ, "ತೋಳು ಹಿಂಗಿಟ್ಕೊಂಡು ಯಾಕ್ಲಾ ಎತ್ತೋಕೆ ಹೋದೆ?" ಎಂದರು. ಅಪ್ಪ ಪಕ್ಕದಲ್ಲೇ ನಿಂತಿದ್ದರು. ಆಗ ನನ್ನ ಬಾಯಿಂದ ಬಂತು:

"ಅಜ್ಜೀನೇ ಹೇಳಿದ್ದು. ವಾಸಿ ಆಯ್ತು, ಎತ್ತು ಅಂದ್ರು."

ಅಜ್ಜಿ ಬಂದರು. ಅವರು ಕೂರುವ ಮೊದಲೇ ಪಟೇಲರು ಕೇಳಿದರು: "ಏನಜ್ಜಿ, ಕಲ್ಲೆತ್ತು ಅಂತ ನೀನೇ ಹೇಳಿದ್ಯಂತೆ?"

ಅಜ್ಜಿ ನನ್ನ ಮುಖ ನೋಡಿದರು. ನಾನು ಮಣ್ಣು ನೋಡಿದೆ.

"ಹೂಂ, ಹೇಳಿದ್ದೆ" ಎಂದರು.

ಆಮೇಲೆ ಆ ಹೆಬ್ಬೆರಳನ್ನು ಕಂಕುಳಿಗಿಟ್ಟು, ನನಗೊಬ್ಬನಿಗೇ ಕೇಳುವ ಹಾಗೆ, "ಮೈ ಸಡ್ಲ ಬಿಡು ಮಗ. ಹೆದರಿದ ತೋಳು ಕೂರಲ್ಲ" ಎಂದರು. ಸುಳ್ಳು ಹೊರಬೀಳುತ್ತದೆಂದು ನಾನು ಸೆಟೆದುಕೊಂಡದ್ದು ಮುಟ್ಟುವ ಮೊದಲೇ ಅವರಿಗೆ ತಿಳಿದಿತ್ತು. ನನ್ನ ಹೆದರಿಕೆ ಬಿಡಿಸಲೆಂದೇ ಅವರು ಆ ಮಾತನ್ನು ತಮ್ಮ ಮೇಲೆ ಹಾಕಿಕೊಂಡಿದ್ದರು. ತೋಳು ಕೂತಿತು.

ಊರು ತೀರ್ಮಾನ ಮಾಡಿತು: ಅಜ್ಜಿಯ ಕೈಗುಣ ಹೋಯಿತು. ಕೈ ಮುರಿದವರ ಗಾಡಿಗಳು ಅವರ ಮನೆ ಮುಂದೆಯೇ ಹಾದು ಬೇರೆ ಊರಿನ ಮೂಳೆ ಕಟ್ಟುವವರಲ್ಲಿಗೆ ಹೋದವು. ಗಾಡಿಯ ಸದ್ದಿಗೆ ಅಜ್ಜಿ ಒಮ್ಮೆ ಎದ್ದು ಜಗಲಿಯ ಮೇಲಿನ ಚಾಪೆ ಕೊಡವಿದ್ದನ್ನು ನಾನೇ ನೋಡಿದೆ. ಗಾಡಿ ನಿಲ್ಲಲಿಲ್ಲ. ಚಾಪೆ ಸುತ್ತಿ ಒಳಗಿಟ್ಟರು.

ನೋವು ಇಳಿದ ಮೇಲೆ ನನಗೆ ಹೇಳಿಕಳಿಸಿದರು: "ಎಲೆ ಕಿತ್ತಿಟ್ಟಿದ್ದೀನಿ, ಬಾ ಅಂತ ಹೇಳು." ಹೋದೆ. ಆ ವರ್ಷ ಅವರ ಜಗಲಿಗೆ ಬಂದವನು ನಾನೊಬ್ಬನೇ. ಅದೇ ಎಲೆ, ಅದೇ ಎಮ್ಮೆಯ ತಮಾಷೆ, ಅದೇ ಬೆಣ್ಣೆ. ಕಟ್ಟೆಯ ಮಾತನ್ನು ಅವರು ಎತ್ತಲಿಲ್ಲ. ಕಡೆಗೋಲು ನಿಂತಾಗಲೆಲ್ಲ ಈಗ ಹೇಳೋಣ ಎಂದುಕೊಳ್ಳುತ್ತಿದ್ದೆ. ಮತ್ತೆ ಹಗ್ಗ ಎಳೆಯುತ್ತಿದ್ದೆ. ರಾಗಿ ತೆನೆ ಕಟ್ಟುವ ಹೊತ್ತಿಗೆ ಒಂದು ದಿನ, ನನ್ನ ಕೈಯನ್ನು ತಲೆಯ ಮೇಲಕ್ಕೆ ಎತ್ತಿಸಿ, ತಿರುಗಿಸಿ, ಬೆನ್ನು ತಟ್ಟಿದರು. "ಹಗ್ಗ ಬಿಗಿ ಆಯ್ತು ಕಣಪ್ಪ. ಇನ್ನು ಬರಬೇಡ." ಹೇಳಲು ಸಿಕ್ಕ ಕೊನೆಯ ಗಳಿಗೆ ಅದು. "ಬರ್ತೀನಿ ಅಜ್ಜಿ" ಎಂದಷ್ಟೇ ಹೇಳಿ ಬಂದೆ.

ಮರು ವರ್ಷದ ಮಳೆಗಾಲದಲ್ಲಿ ಜ್ವರ ಬಂದು ತೀರಿಕೊಂಡರು. ಚಟ್ಟಕ್ಕೆ ನಾನೂ ಹೆಗಲು ಕೊಟ್ಟೆ, ಬಲ ಹೆಗಲು. ಹಿಂದೆ ಯಾರೋ, "ಪಾಪ, ಕೊನೆಕೊನೆಗೆ ಕೈಗುಣ ಹೋಗಿತ್ತು" ಎಂದರು. ಮಳೆ ನೆಲ, ಕಾಲು ಎರಡು ಸಲ ಜಾರಿತು, ಭುಜ ಜಾರಲಿಲ್ಲ. ಅವರ ಕೈಗುಣ ಅವರನ್ನೇ ಹೊತ್ತು ನಡೆಯುತ್ತಿತ್ತು. ಆಗಲೂ ನಾನು ಬಾಯಿ ಬಿಡಲಿಲ್ಲ.

ಕಳೆದ ತಿಂಗಳು ಥ್ರೋಬಾಲ್ ಆಡುವಾಗ ಮೊಮ್ಮಗಳ ಭುಜ ಕಳಚಿತು. ಹೊಸಕೋಟೆಯಲ್ಲಿ ಫಿಸಿಯೋಥೆರಪಿ ಕಲಿಸಿದ್ದಾರೆ. ಕಿಟಕಿಯ ಸರಳಿಗೆ ರಬ್ಬರ್ ಪಟ್ಟಿ ಕಟ್ಟಿ ಎಳೆಯುತ್ತಾಳೆ. ಮೊಣಕೈಗೂ ಪಕ್ಕೆಗೂ ನಡುವೆ ಒಂದು ಮಡಿಸಿದ ಟವಲು. "ಇದು ಬೀಳಬಾರದಂತೆ ತಾತ, ಒಂಚೂರು ನೋಡ್ತಿರಿ" ಎಂದಳು. ಎದುರಿಗೆ ಕುಳಿತು ನೋಡಿದೆ. ಟವಲು ಬಿತ್ತು. ಎಮ್ಮೆ ನಗುತ್ತಿದೆ ಎನ್ನಲು ಹೋದವನು, ಬಗ್ಗಿ ಟವಲು ಎತ್ತಿಕೊಟ್ಟೆ.

ಕಲ್ಲೆತ್ತು ಎಂದು ಅವರು ಹೇಳಿರಲಿಲ್ಲ. ಅವರ ಕೈಗುಣ ಹೋಗಿರಲೂ ಇಲ್ಲ. ಕೇಳಬೇಕಾದ ಊರಿನವರೆಲ್ಲ ಈಗ ಮಣ್ಣಾಗಿದ್ದಾರೆ, ಆದರೂ ಬರೆದಿದ್ದೇನೆ. ಈ ಜನ್ಮದಲ್ಲಿ ಜಗಳವಾಡಿದವರಿಗೆಲ್ಲ ಒಂದಲ್ಲ ಒಂದು ದಿನ ತಪ್ಪಾಯಿತು ಎಂದಿದ್ದೇನೆ. ಜಗಳವನ್ನೇ ಆಡದ ಒಬ್ಬರಿಗೆ ಮಾತ್ರ ಹೇಳಲಿಲ್ಲ: ಕಡೇಮನೆ ಅಜ್ಜಿಗೆ.