ತುಳಿಯಬಾರದ ಹಾಲು

ನಮ್ಮ ಕಡೆ ಹಾಲನ್ನು ನೆಲಕ್ಕೆ ಚೆಲ್ಲುವುದಿಲ್ಲ. ಕೆಟ್ಟ ಹಾಲೇ ಆಗಲಿ, ಯಾರಾದರೂ ತುಳಿದರೆ ಎಮ್ಮೆಯ ಕೆಚ್ಚಲು ಬತ್ತುತ್ತದೆ ಎಂಬ ನಂಬಿಕೆ. ಕೆಚ್ಚಲು ಬಾತು ಇಂಜೆಕ್ಷನ್ ಮಾಡಿಸಿದ ಎಮ್ಮೆಯ ಹಾಲಿನಲ್ಲಿ ಔಷಧ ಇಳಿದಿರುತ್ತದೆ, ಡೇರಿಯವರು ತೆಗೆದುಕೊಳ್ಳುವುದಿಲ್ಲ. ಆ ಹಾಲನ್ನು ಬಕೆಟ್ಟಿನಲ್ಲಿ ಒಯ್ದು ಕೃಷ್ಣಾ ಹೊಳೆಗೆ ಬಿಡುತ್ತೇವೆ. ನಮ್ಮ ಮನೆಯೊಂದೇ ಅಲ್ಲ, ಸಕ್ಕರೆ ಫ್ಯಾಕ್ಟರಿಯ ಉಗಾರದಿಂದ ಈಚೆ ದಂಡೆಯ ಮೇಲೆ ಎಮ್ಮೆ ಕಟ್ಟಿದವರೆಲ್ಲ ಹೀಗೇ. ಅತ್ತೆ ಚಿಟಿಕೆ ಕುಂಕುಮ ಹಾಕಿ ಕೈಮುಗಿಯುತ್ತಿದ್ದರು. ಎಂಥ ಪುಣ್ಯದ ಕೆಲಸ, ನೋಡಿ!

ಹೋದ ವರ್ಷ, ಕಡಿದ ಕಬ್ಬಿನ ಹೊಲಕ್ಕೆ ಹೊಳೆಯ ನೀರು ಹಾಯಿಸುವಾಗ ನಮ್ಮ ಮನೆಯವರ ಬಲಗಾಲಿಗೆ ಕಬ್ಬಿನ ಮೊನಚು ಬುಡ ಚುಚ್ಚಿತು. ಮೊದಲೇ ಸಕ್ಕರೆ ಕಾಯಿಲೆ. "ಡಾಕ್ಟರಿಗೆ ತೋರಸ್ರಿ" ಅಂದೆ.

"ಸಕ್ಕರಿ ಫ್ಯಾಕ್ಟರಿ ಮಗ್ಗಲ ಹುಟ್ಟಿದಾಂವಗ ಸಕ್ಕರಿ ಬ್ಯಾನಿ ಬರದ ಉಪ್ಪಿನ ಬ್ಯಾನಿ ಬರತೈತೇನ? ನನ್ನ ತಲಿ ತಿನಬ್ಯಾಡ" ಎಂದು ನಕ್ಕರು.

ಮೆಡಿಕಲ್ ಅಂಗಡಿಯಿಂದ ಗುಳಿಗೆ ತಂದು ನುಂಗಿದರು, ನೋವು ಇಳಿದ ಕೂಡಲೇ ಬಿಟ್ಟರು. ಮತ್ತೆ ಹೋಗಿ ಅದೇ ನೀರಿನಲ್ಲಿ ನಿಂತರು. ಹಟಮಾರಿ ಗಂಡಸು! ಗಾಯ ಕೀವುಗಟ್ಟಿತು, ಹೆಬ್ಬೆರಳು ಕಪ್ಪಾಯಿತು.

ಮಿರಜಿನ ಡಾಕ್ಟರ್ ಬೆರಳು ತೆಗೆದರು. ಕೀವನ್ನು ತಪಾಸಣೆಗೆ ಕಳಿಸಿ, ವರದಿ ಬಂದ ಮೇಲೆ ನನ್ನನ್ನು ಒಳಗೆ ಕರೆದರು. ಮರಾಠಿ ಮನುಷ್ಯ, ಕನ್ನಡ ಚೆನ್ನಾಗಿ ಬರುತ್ತಿತ್ತು.

"ಬಘಾ, ನೋಡ್ರಿ ಬಾಯಿ, ಕೀವಿನ್ಯಾಗಿನ ಈ ರೋಗದ ಹುಳಕ್ಕ ಯಾವ ಔಷಧಾನೂ ನಾಟವಲ್ದು. ಒಂದ ಇಂಜೆಕ್ಷನ್ ಉಳದೈತಿ. ಅದೂ ನಾಟಲಿಲ್ಲಂದ್ರ ಕಾಲ ತಗೀಬೇಕಾಕ್ಕೈತಿ."

"ಎಲ್ಲಿಂದ ಬಂತ್ರಿ ಇಂಥಾ ಹುಳ?"

"ಖಾತ್ರಿ ಹೇಳಾಕ ಬರೂದಿಲ್ಲ. ಹೊಳ್ಯಾಗ ಊರ ಗಟಾರ, ದವಾಖಾನಿ ನೀರ, ದನದ ಔಷಧ ಎಲ್ಲಾ ಕೂಡತಾವ. ದಿನಾ ಹನಿ ಹನಿ ಔಷಧ ಕುಡದ ಹುಳ ಅದಕ್ಕ ಅಂಜೂದ ಬಿಡತಾವ. ಹೊಳಿ ನೀರ ಗಾಯಕ್ಕ ಮುಟ್ಟಸಬ್ಯಾಡ್ರಿ."

ದನದ ಔಷಧ ಅಂದಾಗ ನನಗೆ ಅತ್ತೆ ಕುಂಕುಮ ಹಾಕುವ ಹಾಲಿನ ಬಕೆಟ್ಟು ನೆನಪಾಯಿತು. ಹಗ್ಗ ಕೊಟ್ಟು ಕೈ ಕಟ್ಟಿಸಿಕೊಂಡಿದ್ದೆವು. ಸಿಟ್ಟೂ ಬಂತು. ನಳಕ್ಕೆ ಬರುವುದು ಹೊಳೆಯ ನೀರು, ಹೊಲಕ್ಕೆ ಹೊಳೆಯ ನೀರು, ಎಮ್ಮೆ ಕುಡಿಯುವುದೂ ಅದನ್ನೇ. ಮುಟ್ಟಿಸಬೇಡಿ ಅಂದರೆ ಎಲ್ಲಿಗೆ ಹೋಗಬೇಕು ನಾವು? ಹೊಲವನ್ನು ತಲೆಯ ಮೇಲೆ ಹೊತ್ತುಕೊಂಡು ಹೋಗಲು ಬರುತ್ತದೆಯೇ?

ಆ ಇಂಜೆಕ್ಷನ್ ನಾಟಿತು, ದೇವರು ದೊಡ್ಡವನು. ಆದರೆ ಗಾಯ ಇನ್ನೂ ಪೂರ್ತಿ ಮಾಯ್ದಿಲ್ಲ. ಮತ್ತೆ ಕೆರಳಿದರೆ ಕೊಡಲು ತಮ್ಮ ಬಳಿ ಏನೂ ಇಲ್ಲ ಎಂದು ಡಾಕ್ಟರ್ ಕಳಿಸಿದ್ದಾರೆ. ಮನೆಯವರು ಈಗ ಅಂಗಳದಲ್ಲಿ ಹಗ್ಗ ಹೆಣೆದ ಹೊರಸಿನ ಮೇಲೆ ಕೂತಿರುತ್ತಾರೆ. ಕುದಿಸಿ ಆರಿಸಿದ ನೀರಲ್ಲದೆ ಬೇರೆ ನೀರನ್ನು ಆ ಕಾಲಿನ ಹತ್ತಿರ ತರಲು ನಾನು ಯಾರಿಗೂ ಬಿಡುವುದಿಲ್ಲ.

ಮೊನ್ನೆ ಎಮ್ಮೆಯ ಕೆಚ್ಚಲು ಮತ್ತೆ ಬಾತಿತು. ದನದ ಡಾಕ್ಟರ್ ಸೂಜಿ ಚುಚ್ಚಿ, ಹಾಲು ಡೇರಿಗೆ ಹಾಕಬೇಡಿ ಎಂದು ಹೇಳಿ ಹೋದರು. ಹಿಂಡಿದ ಹಾಲು ಬಕೆಟ್ಟಿನಲ್ಲಿತ್ತು. ಅತ್ತೆ ಕುಂಕುಮದ ಭರಣಿ ಹಿಡಿದು ಬಂದರು.

"ಹೊಳಿಗೆ ಬಿಟ್ಟ ಬಾ ಬೇ."

"ಹೊಳಿಗೆ ಬಿಡೂದಿಲ್ರಿ ಅತ್ಯಾ."

"ಮತ್ತೆಲ್ಲಿ ಚೆಲ್ಲತಿ? ಮಂದಿ ತುಳ್ಯಾಕ?"

"ನಿಮ್ಮ ಮಗನ ಕಾಲ ನೋಡ್ರಿ ಮೊದಲ!" ದನಿ ಏರಿಯೇ ಹೋಯಿತು. ಅತ್ತೆ ಮಗನ ಪಟ್ಟಿ ಕಟ್ಟಿದ ಪಾದವನ್ನು ನೋಡಿದರು. ಭರಣಿಯ ಮುಚ್ಚಳ ಹಾಕಿಕೊಂಡು ಒಳಗೆ ಹೋದರು.

ಹೂತುಬಿಡೋಣ, ಯಾರೂ ತುಳಿಯುವುದಿಲ್ಲ ಅಂದುಕೊಂಡು ಅಂಗಳದ ಮೂಲೆಯಲ್ಲಿ ಗುದ್ದಲಿಯಿಂದ ತಗ್ಗು ತೋಡಿದೆ. ಮೊಣಕಾಲುದ್ದ ತೋಡುವಷ್ಟರಲ್ಲಿ ತಳದಲ್ಲಿ ನೀರು ಒಸರತೊಡಗಿತು. ಸುತ್ತಲೂ ಕಬ್ಬು. ಇಷ್ಟು ವರ್ಷ ಹೊಳೆಯಿಂದ ಎತ್ತಿ ಹಾಯಿಸಿದ ನೀರು ಬೇರೆಲ್ಲಿ ಹೋಗಬೇಕು? ನಮ್ಮ ಅಂಗಳದ ಕೆಳಗೇ ನಿಂತಿತ್ತು. ಇಲ್ಲಿ ಹೂತರೂ ಹಾಲು ಅದೇ ನೀರಿಗೇ ಸೇರುತ್ತಿತ್ತು.

"ಯಾಕ ನಿಂತಿ? ನೀರ ಬಂತೇನ?" ಮನೆಯವರು ಹೊರಸಿನಿಂದ ಕೇಳಿದರು.

"ಬಂತ್ರಿ."

"ಹೊಳೀದ?"

"ಮತ್ತೆಲ್ಲೀದ?"

ಅವರು ನೆಲದ ಮೇಲಿದ್ದ ಕಾಲನ್ನು ಎರಡೂ ಕೈಯಿಂದ ಎತ್ತಿ ಹೊರಸಿನ ಮೇಲೆ ಇಟ್ಟುಕೊಂಡರು. ನಾನು ಹಾಲಿನ ಬಕೆಟ್ಟು ಹಿಡಿದು ನಿಂತೇ ಇದ್ದೆ.