ಇಸ್ತ್ರಿ ಹಾಕಿದ ಜಡೆ

ಹುತ್ತೂರಿಗೆ ಸೊಸೆಯಾಗಿ ಬಂದ ದಿನ ಚಂದ್ರಕಲಾಳ ಮುಖವನ್ನು ಯಾರೂ ಸರಿಯಾಗಿ ನೋಡಲೇ ಇಲ್ಲವಂತೆ. ನೋಡಿದ್ದೆಲ್ಲ ಜಡೆಯನ್ನು. ಬಾಚಣಿಗೆ ಇಟ್ಟರೆ ತಾನಾಗಿ ಜಾರಿ ಕೆಳಗೆ ಬೀಳುವಂಥ ನೇರ ಕೂದಲು, ಮಂಡಿ ಮುಟ್ಟುವಷ್ಟು ಉದ್ದ. ಹಸೆಯ ಮೇಲೆ ಕೂತವಳ ಹಿಂದೆ ನಿಂತು ಒಬ್ಬಳು ಮೊಳ ಹಾಕಿ ಅಳೆದೂ ನೋಡಿದಳು. ಆ ಹೊಗಳಿಕೆಯನ್ನು ಚಂದ್ರಕಲಾ ಇಪ್ಪತ್ತೇಳು ವರ್ಷ ಜೋಪಾನವಾಗಿ ಇಟ್ಟುಕೊಂಡು ಬಂದಳು. ಈಗ ಜಡೆ ಇಲಿಬಾಲದಷ್ಟಾಗಿದೆ, ಹೊಗಳಿಕೆ ಮಾತ್ರ ಒಂದೆಳೆಯೂ ಉದುರಿಲ್ಲ.

ಕೆಲಸಗಾತಿ ಎನ್ನುವುದರಲ್ಲಿ ಎರಡು ಮಾತಿಲ್ಲ. ಗಂಡ ಶ್ರೀರಾಮಪ್ಪನಿಗೆ ಒಂದೂವರೆ ಎಕರೆ ಹಿಪ್ಪುನೇರಳೆ ತೋಟ, ಮನೆಯ ಹಿಂದೆ ರೇಷ್ಮೆ ಸಾಕುವ ಹುಳುಮನೆ. ತೋಟ ಅವನದಾದರೆ ಹುಳು ಅವಳದು. ಹುಳು ಜ್ವರಕ್ಕೆ ಕೂತಿದೆ, ಅಂದರೆ ಪೊರೆ ಬಿಡುತ್ತಿದೆ ಎಂದರೆ ಮನೆಯಲ್ಲಿ ಗಟ್ಟಿಯಾಗಿ ಕೆಮ್ಮಲೂ ಬಿಡುತ್ತಿರಲಿಲ್ಲ. ಎಲೆಗೆ ಅಂಟಿದ ಎಳೆಹುಳುವನ್ನು ಎತ್ತಿ ಪಕ್ಕಕ್ಕಿಡುವಾಗ ಅವಳ ಬೆರಳು ಎಷ್ಟು ಮೆತ್ತಗಿರುತ್ತಿತ್ತೆಂದರೆ ಹುಳುವಿಗೆ ಎಚ್ಚರವೇ ಆಗುತ್ತಿರಲಿಲ್ಲ. ಅದೇ ಕೈ ಮಗಳ ತಲೆಗೆ ಬಂದರೆ ಯಾರದೋ ಕೈಯಾಗಿಬಿಡುತ್ತಿತ್ತು.

ಮಗಳು ಶಿರೀಷಾಳಿಗೆ ಬಂದಿದ್ದು ಅಜ್ಜಿ ಎಲ್ಲಮ್ಮನ ಕೂದಲು. ದಟ್ಟ ಗುಂಗುರು. ಒಂದು ಎಳೆ ಬಲಕ್ಕೆ ತಿರುಗಿದರೆ ಇನ್ನೊಂದು ಎಡಕ್ಕೆ. ಮಗು ಹುಟ್ಟಿ ಮೂರನೇ ತಿಂಗಳಿಗೇ ತಲೆಯ ತುಂಬ ಉಂಗುರಗಳು ಎದ್ದವು. ನೋಡಲು ಬಂದವರು ಮುದ್ದಾಗಿದೆ ಎಂದರೂ ಚಂದ್ರಕಲಾ ನಂಬಲಿಲ್ಲ. "ನಮ್ಮ ಕಡೆ ಯಾರಿಗೂ ಇಲ್ಲಮ್ಮ, ಇದು ನಮ್ಮತ್ತೆ ಕಡೇದು," ಎಂದು ಕೇಳದಿದ್ದವರಿಗೂ ಹೇಳುತ್ತಿದ್ದಳು, ಅತ್ತೆ ಅಲ್ಲೇ ಜಗಲಿಯಲ್ಲಿ ಕೂತಿರುವಾಗಲೇ. ಎಲ್ಲಮ್ಮ ಸೆರಗನ್ನು ತಲೆಯ ಮೇಲೆ ಎಳೆದುಕೊಳ್ಳುತ್ತಿದ್ದಳು. ಸಾಯುವವರೆಗೂ ಆ ಸೆರಗು ಕೆಳಗಿಳಿಯಲಿಲ್ಲ.

ಶಿರೀಷಾ ಶಾಲೆಗೆ ಸೇರಿದ ಮೇಲೆ ದಿನಾ ಬೆಳಿಗ್ಗೆ ಆ ಮನೆಯಲ್ಲಿ ಒಂದು ಯುದ್ಧ. ಶಾಲೆಯಲ್ಲಿ ಎರಡು ಜಡೆ ಮಡಚಿ ಕಟ್ಟಿ ರಿಬ್ಬನ್ ಹಾಕಿಕೊಂಡು ಬರಬೇಕು. ಚಂದ್ರಕಲಾ ಮಗಳನ್ನು ಎರಡು ಮಂಡಿಗಳ ನಡುವೆ ಒತ್ತಿ ಕೂರಿಸಿಕೊಂಡು, ಒಣಕೂದಲಿಗೆ ನೆತ್ತಿಯಿಂದಲೇ ಬಾಚಣಿಗೆ ಹಾಕಿ ಎಳೆಯುತ್ತಿದ್ದಳು. ಸಿಕ್ಕು ಬಿಡದಿದ್ದರೆ ಇನ್ನೊಂದಿಷ್ಟು ಕೊಬ್ಬರಿ ಎಣ್ಣೆ, ಇನ್ನೊಂದಿಷ್ಟು ಎಳೆತ. ತಿಂಗಳಿಗೊಂದು ಬಾಚಣಿಗೆ ಹಲ್ಲು ಕಳೆದುಕೊಳ್ಳುತ್ತಿತ್ತು. "ಅಮ್ಮ, ನೋಯ್ತೈತೆ," ಎಂದು ಮಗು ಅಂದರೆ, "ನೋಯ್ದೆ ಇನ್ನೇನು? ತಲೇನಾ ಇದು, ಗುಬ್ಬಿ ಗೂಡು!" ಎಂಬ ಉತ್ತರ. ಬೈದದ್ದು ಮಗುವನ್ನೋ ಕೂದಲನ್ನೋ ಎಂದು ಆರು ವರ್ಷದವಳಿಗೆ ಹೇಗೆ ಗೊತ್ತಾಗಬೇಕು?

ಉದುರಿದ ಕೂದಲನ್ನು ಹೆಂಗಸರು ಉಂಡೆ ಕಟ್ಟಿ ಗೋಡೆಯ ಸಂದಿಯಲ್ಲಿಡುತ್ತಾರೆ. ಕೂದಲು ಕೊಳ್ಳುವವನು ಸೈಕಲ್ಲಿನಲ್ಲಿ ಬಂದಾಗ ಕೊಟ್ಟರೆ ಹೇರ್‌ಪಿನ್ನೋ ಸ್ಟೀಲ್ ಲೋಟವೋ ಸಿಗುತ್ತದೆ. ಒಮ್ಮೆ ಅವನು ಚಂದ್ರಕಲಾಳ ಉಂಡೆಯನ್ನು ತೂಗಿ ಚೀಲಕ್ಕೆ ಹಾಕಿಕೊಂಡು, ಶಿರೀಷಾಳದನ್ನು ಬಿಡಿಸಿ ನೋಡಿ ವಾಪಸ್ ಕೊಟ್ಟ. "ಈ ಗುಂಗುರುದು ನಡೆಯಲ್ಲಕ್ಕ." ಬೀದಿಯಲ್ಲಿ ನಾಲ್ಕು ಹೆಂಗಸರಿದ್ದರು. ಚಂದ್ರಕಲಾಳಿಗೆ ಕೆನ್ನೆಗೆ ಹೊಡೆದ ಹಾಗಾಯಿತು. ಆ ಉಂಡೆಯನ್ನು ತಿಪ್ಪೆಗೆ ಎಸೆದು ಒಳಗೆ ಹೋದಳು. ಬಾಗಿಲಲ್ಲಿ ನಿಂತಿದ್ದ ಮಗಳು ಎಲ್ಲವನ್ನೂ ನೋಡಿದ್ದಳು, ಚಂದ್ರಕಲಾ ಮಾತ್ರ ಮಗಳನ್ನು ನೋಡಲಿಲ್ಲ.

ಶಿರೀಷಾ ಡಿಪ್ಲೊಮಾ ಮುಗಿಸಿ ನರಸಾಪುರದ ಒಂದು ಕಾರ್ಖಾನೆಗೆ ಸೇರಿದಳು. ಬೆಳಗಿನ ಪಾಳಿ, ಕಂಪನಿ ಬಸ್ಸು, ತಲೆಗೆ ನೀಲಿ ಟೋಪಿ. ಫೋನಿನಲ್ಲಿ ವಿಡಿಯೋ ನೋಡಿ ನೋಡಿ ತನ್ನ ಕೂದಲನ್ನು ತಾನೇ ನೋಡಿಕೊಳ್ಳಲು ಕಲಿತಳು. ಒಣಗಿದಾಗ ಬಾಚಣಿಗೆ ಮುಟ್ಟಿಸುವುದನ್ನೇ ಬಿಟ್ಟಳು. ಟವೆಲಿನಿಂದ ಉಜ್ಜುವ ಬದಲು ಅಪ್ಪನ ಹಳೇ ಕಾಟನ್ ಬನಿಯನ್ನಿನಲ್ಲಿ ಒತ್ತಿ ನೀರು ತೆಗೆಯತೊಡಗಿದಳು. ಅಗಸೆಬೀಜವನ್ನು ಕುದಿಸಿ, ಸೋಸಿ, ಆ ಲೋಳೆಯನ್ನು ಕೂದಲಿಗೆ ಹಚ್ಚಿಕೊಳ್ಳುತ್ತಿದ್ದಳು. ಆರು ತಿಂಗಳಲ್ಲಿ ಗುಬ್ಬಿ ಗೂಡು ಎನಿಸಿಕೊಂಡದ್ದು ಭುಜದ ಮೇಲೆ ದುಂಡುದುಂಡಾಗಿ ಇಳಿಬಿದ್ದಿತು. ಬಸ್ಸಿನಲ್ಲಿ ಜೊತೆಯವರು ತಿರುಗಿ ನೋಡುತ್ತಿದ್ದರು. ಮನೆಯಲ್ಲಿ ಅಮ್ಮ, "ಕೆದರಿಕೊಂಡು ಹೋಗ್ಬೇಡ ಕಣೇ, ಯಾರಾದ್ರೂ ನೋಡಿದ್ರೆ ಏನಂತಾರೆ?" ಎನ್ನುತ್ತಿದ್ದಳು. ಒಂದು ದಿನ ಫ್ರಿಜ್ಜಿನಲ್ಲಿದ್ದ ಲೋಳೆಯನ್ನು ಹಳಸಿದ ಗಂಜಿ ಎಂದುಕೊಂಡು ಹಸುವಿನ ಬಾನಿಗೆ ಸುರಿದಳು. ಗೊತ್ತಿಲ್ಲದೆ ಮಾಡಿದ್ದು, ನಿಜ. ಗೊತ್ತಾದ ಮೇಲೆ ನಕ್ಕಿದ್ದು ಮಾತ್ರ ಗೊತ್ತಿದ್ದೇ ನಕ್ಕಿದ್ದು.

ಹೀಗಿರುವಾಗ ರೇಷ್ಮೆಗೂಡಿನ ಮಾರುಕಟ್ಟೆಯಲ್ಲಿ ಶ್ರೀರಾಮಪ್ಪನಿಗೆ ಪರಿಚಯವಿದ್ದ ಅಮರನಾಥ್ ಒಂದು ಸಂಬಂಧ ತಂದ. ಅವನ ಅಕ್ಕನ ಮಗ ವೇಣು, ರಾಯಲ್ಪಾಡಿನವನು. ಮಾವಿನ ತೋಟವಿದೆ, ಹುಡುಗನಿಗೆ ನರಸಾಪುರದಲ್ಲೇ ಕೆಲಸ. ಅವರಾಗಿಯೇ ಕೇಳಿಕೊಂಡು ಬಂದದ್ದು ಯಾಕೆ ಎಂದು ಚಂದ್ರಕಲಾ ವಿಚಾರಿಸಲಿಲ್ಲ. ಅವಳಿಗಿದ್ದದ್ದು ಒಂದೇ ಚಿಂತೆ, ಮಗಳ ತಲೆ. ಇದಕ್ಕೆ ಮೊದಲು ಬಂದುಹೋದ ಇಬ್ಬರು ಯಾಕೋ ಮತ್ತೆ ಫೋನ್ ಮಾಡಿರಲಿಲ್ಲ. ಕಾರಣ ಅವರು ಹೇಳಿರಲಿಲ್ಲ, ಇವಳೇ ಕಂಡುಹಿಡಿದುಕೊಂಡಿದ್ದಳು.

ಕೋಲಾರದಲ್ಲಿ ಪಾರ್ಲರ್ ಇಟ್ಟಿದ್ದ ದೂರದ ಸಂಬಂಧಿ ಸುನಂದಳನ್ನು ಮನೆಗೇ ಕರೆಸಿದಳು. ಸುನಂದ ಕೂದಲಿಗೆ ಇಸ್ತ್ರಿ ಹಾಕುವ ಮಿಷನ್ ತಂದಳು.

"ಅಮ್ಮ, ಬೇಡ. ಅವ್ರು ನೋಡ್ಬೇಕಿರೋದು ನನ್ನ ತಾನೆ?" ಎಂದಳು ಶಿರೀಷಾ.

"ಒಂದೇ ದಿನ ಕಣೇ. ನಿನ್ ಕಾಲಿಗೆ ಬೀಳ್ತೀನಿ."

ತಾಯಿ ಕಾಲಿಗೆ ಬೀಳುತ್ತೇನೆ ಎಂದ ಮೇಲೆ ಮಗಳು ಏನು ಮಾಡಿಯಾಳು, ಕುರ್ಚಿಯ ಮೇಲೆ ಕೂತಳು. ಎರಡು ಗಂಟೆ ಹಿಡಿಯಿತು. ಸುಟ್ಟ ಕೂದಲಿನ ವಾಸನೆ ಹುಳುಮನೆಯವರೆಗೂ ಹೋಯಿತು. ಎದ್ದಾಗ ಶಿರೀಷಾಳ ಬೆನ್ನ ಮೇಲೆ ಚಂದ್ರಕಲಾಳ ಮದುವೆಯ ದಿನದ ಜಡೆ ಇತ್ತು. ತಾಯಿಯ ಕಣ್ಣು ತುಂಬಿ ಬಂತು.

ಹೆಣ್ಣು ನೋಡಲು ಬಂದ ಗಂಡಿನ ತಾಯಿ ಶಾಮಲಮ್ಮ ಕಾಫಿ ಕೈಗೆ ತೆಗೆದುಕೊಂಡು ಹುಡುಗಿಯನ್ನು ತುಂಬ ಹೊತ್ತು ನೋಡಿದಳು. ಮಗನ ಮುಖ ನೋಡಿದಳು. ಆಮೇಲೆ ಕೇಳಿದಳು. "ಜಡೆ ಯಾವಾಗ್ಲೂ ಹಿಂಗೇನಾ ಅಮ್ಮ?"

"ಹುಟ್ಟಿದಾಗಿಂದ ಹಿಂಗೇನೆ. ನನ್ ಕೂದ್ಲೇ ಬಂದೈತೆ," ಎಂದಳು ಚಂದ್ರಕಲಾ. ಮಾತು ಎಷ್ಟು ಸಲೀಸಾಗಿ ಬಂತೆಂದರೆ ಅವಳಿಗೇ ಆಶ್ಚರ್ಯವಾಯಿತು.

ಹುಡುಗ ಹುಡುಗಿಯ ಜೊತೆ ಎರಡು ಮಾತಾಡಬೇಕು ಎಂದ. ಇಬ್ಬರೂ ತೋಟದ ಕಡೆ ಹೋಗಿ ಹತ್ತು ನಿಮಿಷ ಬಿಟ್ಟು ಬಂದರು. ಮರುದಿನವೇ ಒಪ್ಪಿಗೆ ಬಂತು. ಜಡೆ ಗೆದ್ದಿತು ಎಂದುಕೊಂಡಳು ಚಂದ್ರಕಲಾ. ನಿಶ್ಚಿತಾರ್ಥಕ್ಕೂ ಸುನಂದ ಮಿಷನ್ ತಂದಳು. ಈ ಸಲ ಶಿರೀಷಾ ಬೇಡ ಎನ್ನಲಿಲ್ಲ. ಕುರ್ಚಿಯ ಮೇಲೆ ಕೂತು ಕನ್ನಡಿಯಲ್ಲಿ ಅಮ್ಮನನ್ನೇ ನೋಡುತ್ತಿದ್ದಳು. ಕಿವಿಯ ಹಿಂದೆ ಒಂದು ಕಡೆ ಕೂದಲು ಸುಟ್ಟು ಮುರಿದಿತ್ತು. ಅದನ್ನು ಹೂವಿನಿಂದ ಮುಚ್ಚಿದರು.

ಮದುವೆಗೆ ಎರಡೂ ಕಡೆಯವರಿಗೆ ಅನುಕೂಲವೆಂದು ಶ್ರೀನಿವಾಸಪುರದಲ್ಲಿ ಛತ್ರ ಹಿಡಿದರು. ಮುಹೂರ್ತದ ಬೆಳಿಗ್ಗೆ ನಲುಗು. ಗಂಡಿನ ಕಡೆಯ ಮುತ್ತೈದೆಯರು ಹುಡುಗಿಗೆ ಎಣ್ಣೆ, ಅರಿಶಿನ, ಕಡಲೆಹಿಟ್ಟು ಹಚ್ಚಿ ನೀರು ಹಾಕುವ ಶಾಸ್ತ್ರ. ಚಂದ್ರಕಲಾ ಮೂರು ದಿನದಿಂದ ಅದನ್ನೇ ನೆನೆದು ನಿದ್ದೆಗೆಟ್ಟಿದ್ದಳು. ಅಂದು ನಸುಕಿನಲ್ಲೇ ಮತ್ತೆ ಇಸ್ತ್ರಿ ಹಾಕಿಸಿದ್ದಳು. ಅವಳ ಹತ್ತಿರ ಒಂದು ಉಪಾಯವೂ ಇತ್ತು.

"ಮಗೂಗೆ ನೆಗಡಿ ಆಗೈತಮ್ಮ. ಮೈಗಷ್ಟೇ ಹಾಕಿ, ತಲೆಗೆ ಬೇಡ."

"ತಲೆಗೆ ನೀರು ಬೀಳ್ದೆ ನಲುಗು ಹೆಂಗಾಗ್ತೈತಮ್ಮ?" ಎಂದಳು ಶಾಮಲಮ್ಮ. "ಬಿಸಿನೀರೇ ಬಿಡು." ಹೇಳುತ್ತಲೇ ತುಂಬಿದ ಚೊಂಬನ್ನು ಎತ್ತಿ ಸೊಸೆಯ ನೆತ್ತಿಯ ಮೇಲೆ ಸುರಿದಳು. ಹಿಂದೆಯೇ ಇನ್ನೊಂದು ಚೊಂಬು.

ಬೆನ್ನ ಮೇಲೆ ನೆಟ್ಟಗಿದ್ದ ಕೂದಲು ಒಂದು ಗಳಿಗೆ ನೀರಿನ ಭಾರಕ್ಕೆ ಹಾಗೇ ಇತ್ತು. ಆಮೇಲೆ ತುದಿಯಿಂದ ಒಂದೊಂದೇ ಎಳೆ, ಹೀರೇಬಳ್ಳಿಯ ಕುಡಿಯ ಹಾಗೆ, ಮೇಲಕ್ಕೆ ಸುತ್ತಿಕೊಳ್ಳತೊಡಗಿತು. ಸೊಂಟದಲ್ಲಿದ್ದದ್ದು ಭುಜಕ್ಕೆ ಬಂತು. ಸುತ್ತ ಇಪ್ಪತ್ತು ಹೆಂಗಸರು. ಹಾಡುತ್ತಿದ್ದವರು ಹಾಡು ನಿಲ್ಲಿಸಿದರು.

ಚಂದ್ರಕಲಾ ಟವೆಲ್ ಹಿಡಿದು ಓಡಿದಳು. ಮಗಳ ತಲೆಯ ಮೇಲೆ ಅದನ್ನು ಹೊದಿಸಿ, ಎರಡೂ ಕೈಯಿಂದ ಒತ್ತಿ ಹಿಡಿದುಕೊಂಡು, ಬಾಯಿಗೆ ಬಂದದ್ದನ್ನು ಹೇಳಿದಳು. "ಪಾರ್ಲರ್‌ನೋಳು ಅದೇನೋ ಕ್ರೀಮ್ ಹಾಕಿದ್ಲಮ್ಮ, ನೀರು ಬಿದ್ದಿದ್ದಕ್ಕೆ ಹಿಂಗಾಗೋಯ್ತು. ನಾಳೆ ಸರಿಹೋಗ್ತೈತೆ."

"ಅದ್ಯಾವ ಪಾರ್ಲರಮ್ಮ, ಹುಟ್ಟೋಕ್ ಮುಂಚೇನೇ ಕ್ರೀಮ್ ಹಾಕಿರೋದು?" ಎಂದಳು ವೇಣುವಿನ ಸೋದರತ್ತೆ ದೊಡ್ಡಗಂಗಮ್ಮ. ಹೆಂಗಸರೆಲ್ಲ ಗೊಳ್ಳೆಂದು ನಕ್ಕರು.

"ಊರ್ಕೋ ವದಿನಾ," ಎಂದು ಶಾಮಲಮ್ಮ ತೆಲುಗಿನಲ್ಲಿ ನಾದಿನಿಯನ್ನು ಗದರಿಸಿ ಸುಮ್ಮನಾಗಿಸಿದಳು. ಮೆಲ್ಲಗೆ ಚಂದ್ರಕಲಾಳ ಕೈಯಿಂದ ಟವೆಲ್ ಬಿಡಿಸಿದಳು. "ಬಿಡಮ್ಮ. ನಮ್ ವೇಣು ಬಸ್ಸಲ್ಲಿ ದಿನಾ ನೋಡ್ತಿದ್ದಿದ್ದು ಈ ತಲೇನೇ. ಇದನ್ನ ನೋಡಿಕೊಂಡೇ ನಾವು ಬಂದಿದ್ದು. ಅವತ್ತು ನಿಮ್ಮನೇಲಿ ಬೇರೆ ಯಾರ್ನೋ ತೋರಿಸ್ತಿದ್ದೀರಾ ಅಂದ್ಕೊಂಡು ಗಾಬರಿಯಾಗಿದ್ದ. ಆಮೇಲೆ ಹುಡುಗೀನೇ ಎಲ್ಲಾ ಹೇಳಿದ್ಲಂತೆ."

ಹಾಗಾದರೆ ಮೊದಲ ದಿನದಿಂದಲೇ ಗೊತ್ತಿತ್ತು. ಹುಟ್ಟಿದಾಗಿಂದ ಹಿಂಗೇನೆ ಎಂದು ತಾನು ಹೇಳಿದ್ದನ್ನು ಇವರೆಲ್ಲ ಮೂರು ತಿಂಗಳು ಹೊಟ್ಟೆಯಲ್ಲಿಟ್ಟುಕೊಂಡು, ತನ್ನ ಮನೆಯ ಊಟ ಮಾಡಿ, ತನ್ನ ಜೊತೆ ನಗುತ್ತಾ ಮಾತಾಡಿದ್ದರು. ಚಂದ್ರಕಲಾಳಿಗೆ ನಿಂತ ನೆಲ ಬಾಯಿಬಿಡಬಾರದೇ ಎನಿಸಿತು. ಆದರೆ ಇನ್ನೂ ಒಂದು ಬಾಕಿಯಿತ್ತು, ಅದನ್ನು ಶಾಮಲಮ್ಮ ಯಾವ ಕೆಟ್ಟ ಮನಸ್ಸೂ ಇಲ್ಲದೆ ಕೇಳಿದಳು.

"ನಂಗೆ ಗಂಡುಮಕ್ಳು ಇಬ್ರೇ, ಹೆಣ್ಮಕ್ಕಳ ತಲೆ ಬಾಚಿ ಗೊತ್ತಿಲ್ಲ. ಇಂಥ ಕೂದ್ಲನ್ನ ಹೆಂಗಮ್ಮ ನೋಡ್ಕೋಬೇಕು? ಏನ್ ಹಚ್ಚಬೇಕು, ಹೆಂಗ್ ಬಾಚಬೇಕು? ನೀನೇ ತಾನೇ ಸಾಕಿರೋಳು, ಹೇಳು."

ಚಂದ್ರಕಲಾ ಬಾಯಿ ತೆರೆದಳು. ಇಪ್ಪತ್ತನಾಲ್ಕು ವರ್ಷ ತಾನು ಆ ತಲೆಯನ್ನು ಎಳೆದದ್ದು, ಒತ್ತಿದ್ದು, ಮುಚ್ಚಿದ್ದು ಗೊತ್ತಿತ್ತು. ನೋಡಿಕೊಂಡದ್ದು ಒಂದೂ ನೆನಪಿಗೆ ಬರಲಿಲ್ಲ. ಹೆಂಗಸರು ಉತ್ತರಕ್ಕಾಗಿ ಕಾಯುತ್ತಿದ್ದರು.

"ಅಮ್ಮನಿಗೆ ಗೊತ್ತಿಲ್ಲ ಅತ್ತೆ, ನಾನೇ ಹೇಳ್ಕೊಡ್ತೀನಿ," ಎಂದಳು ಶಿರೀಷಾ. ಅವಳ ದನಿಯಲ್ಲಿ ಸಿಟ್ಟಿದ್ದಿದ್ದರೆ ಚಂದ್ರಕಲಾ ತಿರುಗಿ ಬೈದು ಬಚಾವಾಗಬಹುದಿತ್ತು. ಸಿಟ್ಟಿರಲಿಲ್ಲ.

ಸೀರೆ ಉಡಿಸಲು ಒಳಗಿನ ಕೋಣೆಗೆ ಬಂದಾಗ ತಾಯಿ ಮಗಳು ಇಬ್ಬರೇ ಸಿಕ್ಕಿದರು.

"ಅವತ್ತು ಅವನಿಗೆ ಏನಂದೆ?" ಎಂದು ಕೇಳಿದಳು ಚಂದ್ರಕಲಾ.

"ಇದ್ದಿದ್ದೇ ಅಂದೆ. ನಾನು ಹಿಂಗಿರೋದು ನಮ್ಮಮ್ಮನಿಗೆ ನಾಚಿಕೆ, ಅದಕ್ಕೇ ಹಿಂಗ್ ಮಾಡಿಸಿದಾಳೆ ಅಂತ."

"ಹಂಗಾದ್ರೆ ಮತ್ತೆ ಯಾಕೇ ಇಸ್ತ್ರಿಗೆ ಕೂತ್ಕೊಂಡೆ? ನಂಗೊಂದ್ ಮಾತು ಹೇಳಬಾರ್ದಾ?"

"ನೀನಾಗೇ ಬೇಡ ಬಿಡು ಅಂತೀಯೇನೋ ಅಂತ ಕಾಯ್ತಿದ್ದೆ. ಇವತ್ತು ಬೆಳಿಗ್ಗೆವರೆಗೂ ಕಾದೆ."

ಚಂದ್ರಕಲಾ ಮಗಳ ಕಿವಿಯ ಹಿಂದೆ ಸುಟ್ಟು ಮುರಿದಿದ್ದ ಜಾಗವನ್ನು ಮುಟ್ಟಲು ಹೋದಳು. ಶಿರೀಷಾ ಬೇಕೆಂದು ಮಾಡಲಿಲ್ಲ, ಆದರೆ ಅಮ್ಮನ ಕೈ ತಲೆಯ ಹತ್ತಿರ ಬಂದೊಡನೆ ಅವಳ ಭುಜಗಳು ಮೇಲೆದ್ದು ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡವು. ಚಂದ್ರಕಲಾ ಕೈ ಹಿಂದಕ್ಕೆ ತೆಗೆದುಕೊಂಡಳು. ಅಷ್ಟು ಹೆಂಗಸರ ಮುಂದೆ ಆದ ಅವಮಾನ ಇದರ ಮುಂದೆ ಏನೂ ಅಲ್ಲ ಎನಿಸಿತು.

ಶಾಮಲಮ್ಮ ಅಗಲ ಹಲ್ಲಿನ ಬಾಚಣಿಗೆ ಹಿಡಿದು ಒಳಗೆ ಬಂದಳು. "ಬೇಗ ಹೇಳ್ಕೊಡಮ್ಮ, ಮುಹೂರ್ತಕ್ಕೆ ಒಂದೇ ಗಂಟೆ ಇರೋದು."

"ನಂಗೂ ಹೇಳ್ಕೊಡೇ. ಜಡೆ ನಾನೇ ಹಾಕ್ತೀನಿ ಇವತ್ತು," ಎಂದಳು ಚಂದ್ರಕಲಾ. ಬೇಡಿಕೊಂಡ ಹಾಗಿತ್ತು.

ಶಿರೀಷಾ ಅಮ್ಮನ ಕಡೆ ತಿರುಗಿ ನಕ್ಕಳು. ಒಳ್ಳೆಯ ನಗುವೇ. "ಇವತ್ತು ಅತ್ತೆ ಕಲೀಲಿ ಬಿಡಮ್ಮ. ನಾಳೆಯಿಂದ ಅವರ ಜೊತೆ ತಾನೆ ನಾನಿರೋದು? ನೀನು ಆ ನೀರು ಹಿಡ್ಕೊ."

ಚಂದ್ರಕಲಾ ನೀರಿನ ಬಟ್ಟಲು ಹಿಡಿದುಕೊಂಡು ಪಕ್ಕದಲ್ಲಿ ನಿಂತಳು. ಒದ್ದೆ ಇರುವಾಗಲೇ ಬಿಡಿಸಬೇಕು. ಮೊದಲು ತುದಿ, ಆಮೇಲೆ ಸ್ವಲ್ಪ ಮೇಲೆ, ನೆತ್ತಿಗೆ ಕೊನೆಯಲ್ಲಿ ಬರಬೇಕು. ಸಿಕ್ಕು ಸಿಕ್ಕಿದರೆ ಎಳೆಯಬಾರದು, ನೀರು ತಾಗಿಸಿ ಬೆರಳಿನಿಂದ ಬಿಡಿಸಬೇಕು. ಮಗಳು ಅತ್ತೆಗೆ ಹೇಳುತ್ತಿದ್ದುದನ್ನು ಅವಳು ಒಂದೂ ಬಿಡದೆ ಕೇಳಿಸಿಕೊಂಡಳು. ಬಹಳ ಸುಲಭವಿತ್ತು. ಯಾವ ದಿನ ಬೇಕಾದರೂ ಕಲಿತುಕೊಳ್ಳಬಹುದಾಗಿತ್ತು.